ರತ್ನಕ್ಕನ ರೇಟು

“ಚಹಾ ತಂದ ಹುಡುಗನಿಗೆ ದುಡ್ಡು ಕೊಟ್ಟಿರಿ. ರಿಕ್ಷಾದವನಿಗೆ ಕೊಟ್ಟಿರಿ. ಲಾಡ್ಜಿನವನಿಗೂ ಕೊಟ್ಟಿರುತ್ತೀರಿ. ಇನ್ನು ನನ್ನ ರೇಟಿನ ಮಾತು ಆಡೋಣವೇ?”

ರತ್ನಕ್ಕ ಹೀಗೆ ಕೇಳಿದಾಗ ನಾನು ಬಗ್ಗಿ ಅವರ ಸೆರಗಿಗೆ ಮೈಕ್ ಸಿಕ್ಕಿಸುತ್ತಿದ್ದೆ. ಸಾಂಗ್ಲಿ, 2014ರ ಜನವರಿ, ಬೆಳಿಗ್ಗೆ ಹತ್ತೂವರೆ. ಆ ಓಣಿಗೆ ಅದು ನಸುಕಿನ ಹೊತ್ತು. ನಲ್ಲಿಯ ಕೆಳಗೆ ಹಿಂದಿನ ರಾತ್ರಿಯ ಪಾತ್ರೆಗಳು ಬಿದ್ದಿದ್ದವು, ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ನಮ್ಮ ನಾಲ್ವರ ತಂಡದಲ್ಲಿ ಕನ್ನಡ ಬರುತ್ತಿದ್ದುದು ನನಗೊಬ್ಬಳಿಗೆ. ಉಳಿದ ಮೂವರು ‘ಏನಂತೆ, ಏನಂತೆ’ ಎಂದು ನನ್ನ ಮುಖ ನೋಡಿದರು. ಆಮೇಲೆ ಹೇಳುತ್ತೇನೆ ಎಂದೆ. ಹೇಗೆ ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ.

ಸಾಕ್ಷ್ಯಚಿತ್ರದಲ್ಲಿ ಮಾತನಾಡುವವರಿಗೆ ಹಣ ಕೊಡಬಾರದು ಎಂಬುದು ನಮ್ಮ ಕಾಲೇಜಿನ ನಿಯಮವಾಗಿತ್ತು. ಹಣ ಕೊಟ್ಟರೆ ಅವರು ನಮಗೆ ಬೇಕಾದದ್ದನ್ನು ಹೇಳುತ್ತಾರೆ, ಸತ್ಯ ಕೆಡುತ್ತದೆ ಎಂದು ಮೊದಲ ವರ್ಷದಲ್ಲೇ ಕಲಿಸಿದ್ದರು. ನಾನು ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ.

ಸಾಂಗ್ಲಿಗೆ ಹೋಗಬೇಕೆಂದು ನಾವು ಹೊರಟವರೇ ಅಲ್ಲ. ಹೊರಟದ್ದು ಪನ್ವೇಲಿಗೆ, ಡಾನ್ಸ್ ಬಾರ್‌ಗಳಲ್ಲಿ ಕುಣಿಯುತ್ತಿದ್ದ ಹೆಂಗಸರನ್ನು ಹುಡುಕಿಕೊಂಡು. ಪುಣೆಯಲ್ಲಿ ಮಾಧ್ಯಮ ಅಧ್ಯಯನದ ಕೊನೆಯ ವರ್ಷ. ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಿ ಒಪ್ಪಿಸಬೇಕು. ಖರ್ಚಿಗೆ 15 ಸಾವಿರ ರೂಪಾಯಿ. ಅದೇ ಹೊತ್ತಿಗೆ, 2013ರ ಜುಲೈ 16ರಂದು, ಸುಪ್ರೀಂ ಕೋರ್ಟಿನ ತೀರ್ಪು ಬಂದಿತ್ತು. ಮಹಾರಾಷ್ಟ್ರ ಸರ್ಕಾರ 2005ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಬಾರ್‌ಗಳಲ್ಲಿ ನೃತ್ಯವನ್ನು ನಿಷೇಧಿಸಿತ್ತು. ಮೂರು ತಾರೆ ಮತ್ತು ಅದಕ್ಕಿಂತ ಮೇಲಿನ ಹೋಟೆಲ್‌ಗಳಿಗೆ ಮಾತ್ರ ವಿನಾಯಿತಿ ಇತ್ತು. ಸಾಮಾನ್ಯರ ಮುಂದೆ ಕುಣಿದರೆ ಅಶ್ಲೀಲ, ಸಾಹುಕಾರರ ಮುಂದೆ ಕುಣಿದರೆ ಕಲೆ. ಮರುವರ್ಷ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಇದನ್ನು ಹೊಡೆದುಹಾಕಿತು, ಸರ್ಕಾರ ಮೇಲ್ಮನವಿ ಹೋಯಿತು, ಏಳು ವರ್ಷದ ಮೇಲೆ ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನೇ ಎತ್ತಿ ಹಿಡಿಯಿತು. ನಿಷೇಧದಿಂದ 75 ಸಾವಿರಕ್ಕೂ ಹೆಚ್ಚು ಹೆಂಗಸರು ಕೆಲಸ ಕಳೆದುಕೊಂಡರು, ಅವರಲ್ಲಿ ಅನೇಕರು ಮನೆ ನಡೆಸುವ ಅನಿವಾರ್ಯಕ್ಕೆ ಸಿಕ್ಕಿ ವೇಶ್ಯಾವೃತ್ತಿಗೆ ಇಳಿಯಬೇಕಾಯಿತು ಎಂಬ ಮಾತು ಆ ತೀರ್ಪಿನಲ್ಲಿದೆ. ನಮ್ಮ ಇಡೀ ಚಿತ್ರದ ಬೀಜ ಆ ಒಂದು ವಾಕ್ಯ. ಕುಣಿತದಿಂದ ದಂಧೆಗೆ ಒಂದು ಗೆರೆ ಎಳೆದು, ಆ ಗೆರೆಯ ಉದ್ದಕ್ಕೂ ಕ್ಯಾಮೆರಾ ಹಿಡಿದು ನಡೆದರೆ ಚಿತ್ರ ಆಗುತ್ತದೆ ಎಂದುಕೊಂಡಿದ್ದೆವು. ಪ್ರಸ್ತಾವ ಬರೆಯುವುದಕ್ಕೆ ಒಂದೇ ರಾತ್ರಿ ಸಾಕಾಯಿತು. ಅಷ್ಟು ಸಲೀಸಾಗಿ ಬರೆಸಿಕೊಂಡದ್ದನ್ನು ನೋಡಿಯಾದರೂ ನಮಗೆ ಅನುಮಾನ ಬರಬೇಕಿತ್ತು.

ಪನ್ವೇಲ್ ಹೆದ್ದಾರಿಯಲ್ಲಿ ತೀರ್ಪು ಬಂದ ಸುದ್ದಿಯೇ ಇರಲಿಲ್ಲ. ಡಾನ್ಸ್ ಬಾರ್‌ಗಳ ಬೋರ್ಡಿನಲ್ಲಿ ‘ಆರ್ಕೆಸ್ಟ್ರಾ’ ಎಂದಿತ್ತು. ತಂಡದ ಹುಡುಗರಿಬ್ಬರು ಒಳಗೆ ಹೋಗಿ ಬಂದರು. ನಾನೂ ಇನ್ನೊಬ್ಬ ಹುಡುಗಿಯೂ ರಸ್ತೆಯಾಚೆಯ ಢಾಬಾದಲ್ಲಿ ಕುಳಿತೆವು. ವೇದಿಕೆಯ ಮೇಲೆ ನಾಲ್ಕು ಹೆಣ್ಣುಮಕ್ಕಳು, ಝಗಮಗ ಲೆಹೆಂಗಾ, ಪ್ರತಿಯೊಬ್ಬರ ಕೈಯಲ್ಲೂ ಮೈಕು. ಹಾಡುತ್ತಿದ್ದುದು ಮಾತ್ರ ಮೂಲೆಯಲ್ಲಿ ಕುಳಿತಿದ್ದ ಗಂಡಸು. ಕೈಯಲ್ಲಿ ಮೈಕು ಇದ್ದರೆ ಗಾಯಕಿ, ಇಲ್ಲದಿದ್ದರೆ ಕುಣಿಯುವವಳು. ಗಾಯಕಿಗೆ ಲೈಸೆನ್ಸ್ ಉಂಟು, ಕುಣಿಯುವವಳಿಗೆ ಇಲ್ಲ. ಒಬ್ಬಳ ಮೈಕಿನಲ್ಲಿ ಸೆಲ್ ಹಾಕುವ ಜಾಗದ ಮುಚ್ಚಳವೇ ಇರಲಿಲ್ಲವಂತೆ, ಒಳಗಿನ ಸ್ಪ್ರಿಂಗ್ ಕಾಣುತ್ತಿತ್ತಂತೆ. ನಮ್ಮ ಹುಡುಗ ಆ ಸ್ಪ್ರಿಂಗಿನ ಬಗ್ಗೆ ಪುಣೆ ತಲುಪುವವರೆಗೂ ಮಾತನಾಡಿದ. ಅದನ್ನು ಚಿತ್ರೀಕರಿಸಲಾಗಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಹೊಟ್ಟೆಕಿಚ್ಚು.

ಕೊನೆಗೆ ಪರಿಚಯದ ವಕೀಲರೊಬ್ಬರ ಮೂಲಕ ಒಬ್ಬರು ಸಿಕ್ಕರು. ಹತ್ತು ವರ್ಷ ಕುಣಿದವರು, ಆಗ ಮೂವತ್ತರ ಆಸುಪಾಸು. ನಾವು ಅವರನ್ನು ದೀದಿ ಎನ್ನುತ್ತಿದ್ದೆವು. ಮುಖ ಬೇಡ, ಧ್ವನಿ ಮಾತ್ರ ಎಂದರು. ಬಾಡಿಗೆ ಫ್ಲ್ಯಾಟಿನ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಹೇಳಿದರು: ಕುಣಿತವೆಂದರೆ ನೀವು ತಿಳಿದುಕೊಂಡ ಹಾಗೆ ಸೊಂಟವಲ್ಲ, ಕಣ್ಣು. ಹಾಡು ಶುರುವಾದಾಗ ಒಬ್ಬ ಗಿರಾಕಿಯನ್ನು ಹಿಡಿಯಬೇಕು. ಹಾಡು ಮುಗಿಯುವವರೆಗೆ ಈ ಕೋಣೆಯಲ್ಲಿ ತಾನೊಬ್ಬನೇ ಇದ್ದೇನೆ ಎಂದು ಅವನಿಗೆ ಅನ್ನಿಸಬೇಕು. ಅದೇ ಹೊತ್ತಿನಲ್ಲಿ ಓರೆಗಣ್ಣಿನಲ್ಲಿ ಮುಂದಿನ ಹಾಡಿನವನನ್ನು ಗೊತ್ತು ಮಾಡಿಕೊಂಡಿರಬೇಕು. ಗಿರಾಕಿಗಳಿಗೆ ಬಾರಿನವರೇ ಹತ್ತರ ನೋಟುಗಳ ಕಟ್ಟು ಚಿಲ್ಲರೆ ಮಾಡಿ ಕೊಡುತ್ತಿದ್ದರು. ಸುರಿದ ನೋಟನ್ನು ಕುಣಿಯುವವಳು ಬಗ್ಗಿ ಆರಿಸುವಂತಿಲ್ಲ, ಹುಡುಗನೊಬ್ಬ ಆರಿಸಿ ಅವಳ ಹೆಸರಿನ ಮುಂದೆ ಲೆಕ್ಕ ಬರೆಯುತ್ತಿದ್ದ. ರಾತ್ರಿ ಕೊನೆಗೆ ಮಾಲೀಕನ ಪಾಲು, ಇವಳ ಪಾಲು. “ನಾನು ಮುಟ್ಟಿಸಿಕೊಂಡವಳಲ್ಲ” ಎಂಬ ಮಾತನ್ನು ಒಂದೇ ಮಧ್ಯಾಹ್ನದಲ್ಲಿ ಮೂರು ಸಲ ಹೇಳಿದರು. ನಾನು ನೋಟ್‌ಬುಕ್ಕಿನಲ್ಲಿ ಮೂರನೆಯ ಸಲದ್ದನ್ನು ಮಾತ್ರ ಬರೆದುಕೊಂಡೆ. ಮೂರು ಸಲ ಯಾಕೆ ಹೇಳಿದರು ಎಂದು ಆಗ ಯೋಚಿಸಲಿಲ್ಲ.

ನಮ್ಮ ಗೆರೆಯ ಎರಡನೆಯ ತುದಿಗಾಗಿ ಸಾಂಗ್ಲಿಯನ್ನು ಸೂಚಿಸಿದ್ದು ನಾನು. ನಾನು ಅಥಣಿ ಕಡೆಯವಳು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮಿರಜಿನ ಆಸ್ಪತ್ರೆ, ಅರಿಸಿನ ಮಾರುವುದಿದ್ದರೆ ಸಾಂಗ್ಲಿಯ ಪೇಟೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋದರೆ ಒಂದು ತಿರುವಿನಲ್ಲಿ ಅವರು ನನ್ನ ಕೈಯನ್ನು ಬಿಗಿ ಹಿಡಿದು ಹೆಜ್ಜೆ ಚುರುಕು ಮಾಡುತ್ತಿದ್ದರು. ಆ ತಿರುವಿನಾಚೆ ಕೇಳುತ್ತಿದ್ದ ಮಾತು ನಮ್ಮ ಮನೆಯ ಕನ್ನಡವೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಎಷ್ಟೋ ಹೆಂಗಸರು ಗಡಿ ದಾಟಿ ಅಲ್ಲಿ ನೆಲೆ ನಿಂತವರು. ಅವರಲ್ಲಿ ಮುತ್ತು ಕಟ್ಟಿಸಿಕೊಂಡವರು, ಎಂದರೆ ಎಲ್ಲಮ್ಮನ ಹೆಸರಿನಲ್ಲಿ ದೇವದಾಸಿಯರಾದವರು, ಬಹಳ. ಸಂಗ್ರಾಮ್ ಸಂಸ್ಥೆ 1992ರಿಂದ ಅಲ್ಲಿ ಏಡ್ಸ್ ತಡೆಯ ಕೆಲಸ ಮಾಡುತ್ತಿತ್ತು. 1996ರಲ್ಲಿ ಆ ಹೆಂಗಸರು ತಮ್ಮದೇ ಸಂಘಟನೆ ಕಟ್ಟಿಕೊಂಡು ಅದಕ್ಕೆ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತು ಎಂದು ಹೆಸರಿಟ್ಟರು. ಹೆಸರಿನಲ್ಲೇ ‘ವೇಶ್ಯಾ’ ಇದೆ, ಮುಚ್ಚುಮರೆ ಇಲ್ಲ. ನಮ್ಮ ಕರ್ನಾಟಕದ ಸರ್ಕಾರಿ ಕಾಗದಗಳಲ್ಲಿ ‘ದಮನಿತ ಮಹಿಳೆಯರು’ ಎಂದಿರುತ್ತದೆ. ಈ ಪದವನ್ನು ರತ್ನಕ್ಕನಿಗೆ ಹೇಳಿದಾಗ ಎರಡು ಸಲ ಕೇಳಿ, ಅರ್ಥ ಬಿಡಿಸಿಕೊಂಡು, “ದಮ್ಮು ಹತ್ತಿದವರಿಗೆ ಹಾಗೆ ಅನ್ನುತ್ತಾರೇನೋ ಅಂದುಕೊಂಡೆ” ಎಂದರು.

ರತ್ನಕ್ಕ ಎಂಬುದು ಅವರು ಚಿತ್ರಕ್ಕಾಗಿ ತಾವೇ ಆರಿಸಿಕೊಂಡ ಹೆಸರು. ಓಣಿಯ ಹೆಸರು ಬರೆಯಬಾರದು ಎಂದಿದ್ದಾರೆ, ಬರೆಯುವುದಿಲ್ಲ.

ರೇಟಿನ ಮಾತಿಗೆ ನಾನು ಆ ಬೆಳಿಗ್ಗೆ ಕೊಟ್ಟ ಉತ್ತರ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. “ದುಡ್ಡು ಕೊಡುವ ಹಾಗಿಲ್ಲ ಅಕ್ಕ, ಚಿತ್ರ ಮುಗಿದ ಮೇಲೆ ನಿಮಗೊಂದು ಸೀರೆ ತರುತ್ತೇವೆ” ಎಂದೆ.

“ಸೀರೆ ಕೊಡುವವರು ಬೇರೆ ಇದ್ದಾರೆ” ಎಂದು ಅವರು ಎಲೆಗೆ ಸುಣ್ಣ ಹಚ್ಚಿ ಮಡಚಿ ದವಡೆಗಿಟ್ಟರು. ಆಮೇಲೆ, ಅಂಗಡಿಯವರು ಗಿರಾಕಿಯ ಮುಂದೆ ಎರಡು ಥಾನು ಬಟ್ಟೆ ಬಿಡಿಸಿ ಹಾಕುವ ಹಾಗೆ, ಕೇಳಿದರು: “ಹೋಗಲಿ, ನಿಮಗೆ ಯಾವ ಕಥೆ ಬೇಕು? ಅಳುವುದೋ, ಅಳದೆ ಇರುವುದೋ? ಅಳುವುದು ಪೇಪರಿನವರಿಗೆ ಹೇಳುವುದು. ಅದರಲ್ಲಿ ಎಲ್ಲಮ್ಮ ಬರುತ್ತಾಳೆ, ಜಡೆ ಬರುತ್ತದೆ, ಮುತ್ತು ಬರುತ್ತದೆ. ಅಳದೆ ಇರುವುದು ಸಂಘದ ಮೀಟಿಂಗಿನಲ್ಲಿ ಹೇಳುವುದು. ಎರಡೂ ನನ್ನದೇ ಕಥೆ, ಸುಳ್ಳಲ್ಲ.”

ದುಡ್ಡು ಕೊಟ್ಟರೆ ಸತ್ಯ ಕೆಡುತ್ತದೆ ಎಂಬ ನನ್ನ ಪಾಠ ಅಲ್ಲೇ ಕುಸಿಯಿತು. ಬಿಟ್ಟಿಯಾಗಿಯೂ ಅವರು ನಮಗೆ ಬೇಕಾದದ್ದನ್ನೇ ಹೇಳಲು ತಯಾರಿದ್ದರು. ಬಂದವರೆಲ್ಲ ಅದನ್ನೇ ಕೇಳಿ ಕೇಳಿ ಅವರಿಗೆ ರೂಢಿ ಮಾಡಿಸಿದ್ದರು. ಹಾಗಿರುವಾಗ ನಾವು ಉಳಿಸುತ್ತಿದ್ದುದು ಸತ್ಯವನ್ನಲ್ಲ, ಎಂಟುನೂರು ರೂಪಾಯಿಯನ್ನು. ಅರ್ಧ ದಿನಕ್ಕೆ ಅವರು ಹೇಳಿದ ರೇಟು ಅದು. “ರಾತ್ರಿಯ ರೇಟು ಬೇರೆ, ಅದು ನಿಮಗೆ ಬೇಡ” ಎಂದೂ ಸೇರಿಸಿದರು.

ಹೊರಗೆ ಬಂದು ನಾಲ್ವರೂ ಜಗಳವಾಡಿದೆವು. ಈ ಹೆಂಗಸರು ಇಷ್ಟು ವರ್ಷ ಹೇಳುತ್ತಿರುವುದು ಒಂದೇ ಮಾತು, ಇದು ಕೆಲಸ, ಕೆಲಸಕ್ಕೆ ಕೂಲಿ ಕೊಡಿ ಎಂದು. ಅದನ್ನೇ ಚಿತ್ರದಲ್ಲಿ ಹೇಳಿಸಲು ಬಂದ ನಾವು ಕೂಲಿ ಕೊಡುವುದಿಲ್ಲ ಎನ್ನುತ್ತಿದ್ದೆವು. ನಾನು ಇದನ್ನು ಇಷ್ಟು ಚೆನ್ನಾಗಿ ಹೇಳಲಿಲ್ಲ, ಸುಮ್ಮನೆ ಕಿರುಚಾಡಿದೆ. ಕೊನೆಗೆ ನಮ್ಮ ಲೆಕ್ಕದ ಪುಸ್ತಕ ಬರೆಯುತ್ತಿದ್ದ ಹುಡುಗನೇ ದಾರಿ ಹುಡುಕಿದ. ಖರ್ಚಿನ ಪಟ್ಟಿಯಲ್ಲಿ ‘ಸ್ಥಳ ಬಾಡಿಗೆ’ ಎಂಬ ಕಾಲಂ ಖಾಲಿ ಇತ್ತು. ನಾಲ್ಕು ಅರ್ಧ ದಿನಕ್ಕೆ 3,200 ರೂಪಾಯಿ ಅಲ್ಲಿ ಹೋಯಿತು. ಗೋಡೆಗೆ ಬಾಡಿಗೆ ಕೊಡಬಹುದು, ಗೋಡೆಗೆ ಒರಗಿ ಕುಳಿತವಳಿಗೆ ಕೂಡದು.

ದುಡ್ಡು ಕೈಸೇರಿದ ಮೇಲೆ ರತ್ನಕ್ಕ ಬೇರೆಯೇ ಮನುಷ್ಯರಾದರು. ಹೊತ್ತಿಗೆ ಸರಿಯಾಗಿ ತಯಾರಾಗಿ ಕೂರುತ್ತಿದ್ದರು, ನೆರೆಯವರು ಬಂದರೆ “ಕೆಲಸದಲ್ಲಿದ್ದೇನೆ” ಎಂದು ಕಳಿಸುತ್ತಿದ್ದರು. ನಮ್ಮಲ್ಲಿದ್ದುದು ಸ್ಟಿಲ್ ಕ್ಯಾಮೆರಾ, ವಿಡಿಯೊ ತೆಗೆಯಲು ಹೊರಟರೆ ಹನ್ನೆರಡು ನಿಮಿಷಕ್ಕೆ ತಾನಾಗಿ ನಿಂತುಹೋಗುತ್ತಿತ್ತು, ಮತ್ತೆ ಒತ್ತಬೇಕು. ಮೊದಲ ದಿನ ಎರಡು ಸಲ ಹಾಗಾಯಿತು. ಮೂರನೆಯ ಸಲ ಅವರು ಕ್ಯಾಮೆರಾವನ್ನು ಮರುಕದಿಂದ ನೋಡಿ, “ಇದೂ ಗಿರಾಕಿಯ ಹಾಗೆಯೇ. ಬರುವಾಗ ದೊಡ್ಡ ಆರ್ಭಟ, ಹತ್ತು ಹನ್ನೆರಡು ನಿಮಿಷಕ್ಕೆ ಮುಗಿಯಿತು” ಎಂದರು. ನಾನು ನಕ್ಕು ನಕ್ಕು ನೆಲಕ್ಕೆ ಕುಳಿತೆ. ಕ್ಯಾಮೆರಾದ ಹಿಂದಿದ್ದ ಹುಡುಗನಿಗೆ ಅನುವಾದಿಸಲು ಧೈರ್ಯ ಬರಲಿಲ್ಲ. ಅವನು ಅದನ್ನು ಓದಿದ್ದು ಸಬ್‌ಟೈಟಲ್ ಹಾಕುವಾಗ.

ಎಲ್ಲಮ್ಮನ ಕಥೆಯನ್ನು ಮೂರು ನಿಮಿಷದಲ್ಲಿ ಮುಗಿಸಿದರು. ಭಾರತ ಹುಣ್ಣಿಮೆ, ಸವದತ್ತಿಯ ಗುಡ್ಡ, ಹೊಸ ಹಸಿರು ಸೀರೆ, ಆ ದಿನ ಮಾಡಿದ ಹೋಳಿಗೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1982ರಲ್ಲೇ ಆಗಿತ್ತಲ್ಲ ಅಕ್ಕ ಎಂದರೆ, “ಗುಡ್ಡದ ಮೇಲೆ ಯಾರೂ ಓದಿ ಹೇಳಲಿಲ್ಲ” ಎಂದರು. ಅಷ್ಟೇ. ನಮ್ಮ ಮಾರ್ಗದರ್ಶಕರು ಇಡೀ ಚಿತ್ರವನ್ನು ಅದರ ಮೇಲೆ ನಿಲ್ಲಿಸಿ ಎಂದಿದ್ದರು. ರತ್ನಕ್ಕನಿಗೆ ಮಾತನಾಡಬೇಕಾಗಿದ್ದುದು ಜೂನ್ ತಿಂಗಳ ಬಗ್ಗೆ.

ಜೂನ್‌ನಲ್ಲಿ ಮಗನಿಗೆ ಹದಿನೆಂಟು ತುಂಬುತ್ತಿತ್ತು. ಬೇರೆ ಊರಿನಲ್ಲಿ ಓದುತ್ತಿದ್ದ ಹುಡುಗ. ಅನೈತಿಕ ವ್ಯವಹಾರ ತಡೆ ಕಾಯ್ದೆಯನ್ನು ಓಣಿಯಲ್ಲಿ ಎಲ್ಲರೂ ‘ಪೀಟಾ’ ಎನ್ನುತ್ತಾರೆ. 1956ರ ಆ ಕಾಯ್ದೆಯಲ್ಲಿ ಮೈ ಮಾರಿಕೊಳ್ಳುವುದೇ ಅಪರಾಧ ಎಂದು ಎಲ್ಲಿಯೂ ಇಲ್ಲ. ಅಪರಾಧ ಅದರ ಸುತ್ತಲಿನದು: ಮನೆ ನಡೆಸುವುದು, ಬೀದಿಯಲ್ಲಿ ಕರೆಯುವುದು, ಗುಡಿ ಶಾಲೆಗಳ 200 ಮೀಟರ್ ಒಳಗೆ ನಡೆಸುವುದು. ನಾಲ್ಕನೆಯ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಹದಿನೆಂಟು ದಾಟಿದ ಯಾರೇ ಆಗಲಿ, ತಿಳಿದೂ ತಿಳಿದು ಇನ್ನೊಬ್ಬರ ಇಂಥ ಸಂಪಾದನೆಯಲ್ಲಿ ಬದುಕಿದರೆ ಎರಡು ವರ್ಷದವರೆಗೆ ಸೆರೆ. ರತ್ನಕ್ಕನಿಗೆ ಸೆಕ್ಷನ್ನಿನ ಸಂಖ್ಯೆ ಸಮೇತ ಬಾಯಿಪಾಠವಾಗಿತ್ತು. “ಮೇ ತಿಂಗಳಲ್ಲಿ ನನ್ನ ಅನ್ನ ತಿಂದರೆ ಮಗ, ಜೂನ್‌ನಲ್ಲಿ ತಿಂದರೆ ಕಳ್ಳ. ಈಗಿನಿಂದಲೇ ಹಣವನ್ನು ನನ್ನ ತಂಗಿಯ ಹೆಸರಿನಲ್ಲಿ ಕಳಿಸುತ್ತಿದ್ದೇನೆ. ಅವಳು ಜೋಳ ಬೆಳೆಯುವವಳು, ಜೋಳದ ದುಡ್ಡಿಗೆ ಸೆಕ್ಷನ್ ಇಲ್ಲ.” ನಾವು ನಾಲ್ವರೂ ಹದಿನೆಂಟು ದಾಟಿದವರು, ಅವರ ಮನೆಯ ಚಹಾ ಕುಡಿಯುತ್ತ ಕುಳಿತಿದ್ದೆವು. ಯಾರಿಗೂ ಅದು ಹೊಳೆಯಲಿಲ್ಲ, ನನಗೆ ಹೊಳೆದದ್ದೂ ಎಡಿಟಿಂಗ್ ಮಾಡುವಾಗ.

ಮಾತಿನ ನಡುವೆ ಪನ್ವೇಲಿನ ದೀದಿಯ ವಿಷಯ ಬಂತು. ಅವರು ಕುಣಿಯುತ್ತಿದ್ದರು, ಅದಕ್ಕಿಂತ ಮುಂದೆ ಹೋಗಲಿಲ್ಲ ಎಂದೆ. ರತ್ನಕ್ಕ ಕೊಂಕಾಗಿ ನಕ್ಕು, “ಮುಂದೆ ಎಂದರೆ? ನಾನು ಅವಳಿಗಿಂತ ಮುಂದಿದ್ದೇನೋ ಹಿಂದಿದ್ದೇನೋ?” ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ಚಿತ್ರದಲ್ಲಿ ಉಳಿಸಿಕೊಂಡೆವು, ನನ್ನ ತಡವರಿಕೆಯ ಸಮೇತ.

ಫೆಬ್ರವರಿಯಲ್ಲಿ ಮೊದಲ ಕಟ್ ಸಿದ್ಧವಾಯಿತು, 22 ನಿಮಿಷ. ದೀದಿಯ ಧ್ವನಿ, ಅದರ ಬೆನ್ನಿಗೆ ರತ್ನಕ್ಕನ ಓಣಿ. ಗೆರೆ ನೆಟ್ಟಗೆ ಬಂದಿತ್ತು. ಪನ್ವೇಲಿಗೆ ಹೋಗಿ ತೋರಿಸಿದೆವು. ದೀದಿ ಪೂರ್ತಿ ನೋಡಲಿಲ್ಲ. ಓಣಿಯ ದೃಶ್ಯ ಬಂದ ಕೂಡಲೇ ಲ್ಯಾಪ್‌ಟಾಪನ್ನು ತಾವೇ ಮುಚ್ಚಿದರು. “ಎಂಟು ವರ್ಷದಿಂದ ಸರ್ಕಾರ ನಮ್ಮ ಮೇಲೆ ಹೇಳುತ್ತಿರುವುದು ಇದನ್ನೇ. ಕುಣಿಯುವವಳು ಎಂದರೆ ಅವಳೇ ಎಂದು. ನಿಮ್ಮದೂ ಅದೇ ಆಯಿತು. ನನ್ನ ಧ್ವನಿ ತೆಗೆಯಿರಿ.” ಒಪ್ಪಿಗೆ ಪತ್ರದಲ್ಲಿ ಅವರ ಸಹಿ ಇತ್ತು, ಕಾನೂನಿನ ಪ್ರಕಾರ ತೆಗೆಯಬೇಕಾಗಿರಲಿಲ್ಲ. ಅವರು ಆ ಮಧ್ಯಾಹ್ನ ಮೂರು ಸಲ ಹೇಳಿದ್ದ ಮಾತನ್ನು ನಾವು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ ಎಂದು ಹಿಂದಿರುಗುವ ಬಸ್ಸಿನಲ್ಲಿ ಅರ್ಥವಾಯಿತು. ಅವರ ಮಾತನ್ನು ಪೂರ್ತಿ ತೆಗೆದೆವು. ಅದರೊಡನೆ ಕಣ್ಣಿನ ಕುಣಿತವೂ ಹೋಯಿತು, ಹತ್ತರ ನೋಟುಗಳೂ ಹೋದವು; ಆರು ನಿಮಿಷ. ಇಡೀ ಚಿತ್ರದಲ್ಲಿ ಅತ್ಯುತ್ತಮವಾದ ಆರು ನಿಮಿಷ ಎಂದು ನನ್ನ ಲೆಕ್ಕ. ಆ ಧ್ವನಿಯ ಫೈಲನ್ನೂ ಅವರ ಮುಂದೆಯೇ ಅಳಿಸಲು ಮತ್ತೊಮ್ಮೆ ಪನ್ವೇಲಿಗೆ ಹೋದೆ. ಆ ಸಲ ಊಟ ಹಾಕಿದರು. ಇಲ್ಲಿ ಅವರ ಬಗ್ಗೆ ಬರೆದದ್ದನ್ನು ಫೋನಿನಲ್ಲಿ ಓದಿ ಹೇಳಿ ಒಪ್ಪಿಸಿದ್ದೇನೆ. ಒಂದು ಕಡೆ ತಿದ್ದಿಸಿದರು.

ಉಳಿದ ಹದಿನಾರು ನಿಮಿಷವನ್ನು ಸಾಂಗ್ಲಿಗೆ ಒಯ್ದೆವು. ರತ್ನಕ್ಕನ ಮಂಚದ ಮೇಲೆ ಏಳೆಂಟು ಹೆಂಗಸರು ಸೇರಿದರು. ಗಿರಾಕಿಯ ಹನ್ನೆರಡು ನಿಮಿಷಕ್ಕೆ ಗೋಡೆ ಹಾರುವ ಹಾಗೆ ನಕ್ಕರು. ಮುಂದಿನ ದೃಶ್ಯದಲ್ಲಿ ರತ್ನಕ್ಕ ಬುಟ್ಟಿ ಹಿಡಿದು ಸಂತೆಗೆ ಹೋಗುತ್ತಾರೆ; ನಾವು ಅಲ್ಲಿ ಕೊಳಲು ಹಾಕಿದ್ದೆವು.

“ಯಾರು ಸತ್ತರು?” ಎಂದರು ರತ್ನಕ್ಕ.

ಯಾರೂ ಇಲ್ಲ ಎಂದೆ.

“ಮತ್ತೆ ಅದು ಯಾಕೆ ಹಾಗೆ ಅಳುತ್ತಿದೆ? ನಾನು ಬದನೆಕಾಯಿ ತರಲು ಹೋಗುತ್ತಿದ್ದೇನೆ.”

ಕೊಳಲು ತೆಗೆದು, ಅದೇ ದಿನ ಧ್ವನಿಮುದ್ರಿಸಿದ್ದ ಸಂತೆಯ ಸದ್ದನ್ನೇ ಹಾಕಿದೆವು. ಮುಖದ ಪ್ರಶ್ನೆಯೂ ಆವತ್ತೇ ಇತ್ಯರ್ಥವಾಯಿತು. ಮಬ್ಬು ಮಾಡೋಣವೇ ಎಂದರೆ, “ಮಬ್ಬು ಮಾಡುವುದು ಸಿಕ್ಕಿಬಿದ್ದವರಿಗೆ, ನಾನು ಸಿಕ್ಕಿಬಿದ್ದಿಲ್ಲ” ಎಂದರು. ಆದರೆ ಮಗ ಇದ್ದಾನಲ್ಲ. ಕಾಲೇಜಿನಲ್ಲಿ ತೋರಿಸಬಹುದು, ಅಂತರ್ಜಾಲಕ್ಕೆ ಹಾಕುವಂತಿಲ್ಲ ಎಂದು ಒಪ್ಪಂದವಾಯಿತು. ಪತ್ರದ ಕೆಳಗೆ ಅದನ್ನೂ ಬರೆಸಿ, ಮರಾಠಿಯಲ್ಲಿ ಸಹಿ ಮಾಡಿದರು.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಮೊದಲು ತೆರೆದದ್ದು ಲೆಕ್ಕದ ಹಾಳೆಯನ್ನು. ಹತ್ತಡಿಯ ಕೋಣೆಗೆ 3,200 ರೂಪಾಯಿ ಬಾಡಿಗೆಯೇ ಎಂದರು. ನಾನು ಇದ್ದದ್ದನ್ನು ಹೇಳಿಬಿಟ್ಟೆ. ಸಾಕ್ಷ್ಯ ಕೊಂಡುಕೊಂಡಿದ್ದೀರಿ ಎಂದರು. ನೀವು ಉತ್ತರಪತ್ರಿಕೆ ತಿದ್ದಲು ಭತ್ಯೆ ಪಡೆಯುತ್ತೀರಿ, ಅಂಕಗಳನ್ನು ಕೊಂಡುಕೊಂಡ ಹಾಗಾಗುತ್ತದೆಯೇ ಎಂದು ನಮ್ಮ ಲೆಕ್ಕದ ಹುಡುಗ ಕೇಳಿದ. ಅದು ಒಳ್ಳೆಯ ಪ್ರಶ್ನೆ, ಆದರೆ ಅಂಕ ಬರುವ ಪ್ರಶ್ನೆಯಲ್ಲ. ಪಾಸಾದೆವು, ಅಷ್ಟೇ.

ಆಮೇಲೆ ಕಾಯ್ದೆಗಳು ಬಹಳ ಓಡಾಡಿದವು. 2014ರಲ್ಲಿ ಮಹಾರಾಷ್ಟ್ರ ಮತ್ತೆ ನಿಷೇಧ ತಂದಿತು, ಈ ಸಲ ತಾರಾ ಹೋಟೆಲ್‌ಗಳನ್ನೂ ಸೇರಿಸಿ, ಕೋರ್ಟು ತಡೆಯಿತು. 2016ರಲ್ಲಿ ಹೊಸ ಕಾಯ್ದೆ; ಅದರ ಷರತ್ತುಗಳಲ್ಲಿ ನೃತ್ಯದ ಕೋಣೆಯಲ್ಲಿ ಸಿಸಿಟಿವಿ ಇರಬೇಕು ಎಂಬುದೂ ಒಂದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಕ್ಯಾಮೆರಾವನ್ನು ಖಾಸಗಿತನಕ್ಕೆ ವಿರುದ್ಧವೆಂದು ತೆಗೆಸಿತು. ಬಕ್ಷೀಸು ಕೊಡಬಹುದು, ನೋಟು ಸುರಿಯುವಂತಿಲ್ಲ ಎಂದಿತು. 2022ರ ಮೇ 19ರ ಇನ್ನೊಂದು ಆದೇಶ ನಮ್ಮಂಥವರಿಗೇ ಬರೆದ ಹಾಗಿದೆ: ದಾಳಿಯ ಹೊತ್ತಿನಲ್ಲಿ ಲೈಂಗಿಕ ಕಾರ್ಯಕರ್ತೆಯರ ಗುರುತು ಬಯಲಾಗದಂತೆ ಮಾಧ್ಯಮದವರು ಎಚ್ಚರ ವಹಿಸಬೇಕು, ರಕ್ಷಣೆಯ ಸುದ್ದಿಯ ನೆಪದಲ್ಲಿ ಅವರನ್ನು ಗಿರಾಕಿಗಳ ಜೊತೆ ತೋರಿಸಿದರೆ ಇಣುಕಿ ನೋಡುವವರ ಮೇಲಿನ ಸೆಕ್ಷನ್ನನ್ನೇ ಹಾಕಬೇಕು. ಪೀಟಾದ ನಾಲ್ಕನೆಯ ಸೆಕ್ಷನ್ ಮಾತ್ರ ಇದ್ದಲ್ಲೇ ಇದೆ. ರತ್ನಕ್ಕನ ಮಗನಿಗೆ ಕೆಲಸ ಸಿಕ್ಕಿದೆ; ಈಗ ಅವನೇ ತಾಯಿಗೆ ದುಡ್ಡು ಕಳಿಸುತ್ತಾನೆ.

ಇದನ್ನು ಬರೆಯುವ ಮೊದಲು ರತ್ನಕ್ಕನಿಗೆ ಫೋನ್ ಮಾಡಿದೆ. ಹನ್ನೊಂದು ವರ್ಷ. ಗುರುತು ಸಿಗಲಿಕ್ಕಿಲ್ಲ ಎಂದುಕೊಂಡಿದ್ದೆ. “ಸೀರೆಯವಳಲ್ಲವೇ ತಂಗಿ?” ಎಂದರು. ನಿಮ್ಮ ಬಗ್ಗೆ ಬರೆಯಬೇಕೆಂದಿದ್ದೇನೆ, ಚಿತ್ರವಲ್ಲ, ಬರೀ ಅಕ್ಷರ ಎಂದೆ.

“ಬರೆಯುವುದಕ್ಕೆ ರೇಟು ಎಷ್ಟು?”

“ನೀವೇ ಹೇಳಿ ಅಕ್ಕ.”

“ಮುಖ ಇಲ್ಲವಲ್ಲ, ಕಡಿಮೆ ಮಾಡುತ್ತೇನೆ. ಐನೂರು. ಫೋನಿಗೇ ಹಾಕು, ಈಗ ಎಲ್ಲರೂ ಹಾಗೆಯೇ ಹಾಕುತ್ತಾರೆ.”

ಅವರ ನಂಬರನ್ನು ಒತ್ತಿ 500 ಎಂದು ಬರೆದೆ. ಕಳಿಸುವ ಮುನ್ನ ಖಚಿತಪಡಿಸಿಕೊಳ್ಳಿ ಎಂದು ಪರದೆಯ ಮೇಲೆ ಖಾತೆದಾರರ ಹೆಸರು ಮೂಡಿತು, ತಂದೆಯ ಹೆಸರು ಅಡ್ಡಹೆಸರುಗಳ ಸಮೇತ. ಅದನ್ನು ನಾನು ಓದಬೇಕಿತ್ತೋ ಇಲ್ಲವೋ ಗೊತ್ತಿಲ್ಲ. ಓದಿದೆ. ಹೌದು ಎಂದು ಒತ್ತಿದೆ.